ಹಳೆಯ ಜೋಂಬಿ ಸಿನಿಮಾಗಳಲ್ಲಿ ಮಾತು ಯಾರ ಕೈಯಲ್ಲಿದೆ?

ಪ್ರಶ್ನೆ: 1932ರ ‘ವೈಟ್ ಜೋಂಬಿ’ ಸಿನಿಮಾವನ್ನು ಈಚೆಗೆ ನೋಡಿದೆ. ಹೆಸರಿಗೆ ಟಾಕಿ ಚಿತ್ರ, ಆದರೆ ಅರ್ಧಕ್ಕರ್ಧ ಮೂಕಿ ಚಿತ್ರ ನೋಡಿದ ಹಾಗಾಯಿತು. ಎಷ್ಟೋ ಹೊತ್ತು ಯಾರೂ ಮಾತಾಡುವುದಿಲ್ಲ. ಜೋಂಬಿಗಳಂತೂ, ಅಂದರೆ ಗೋರಿಯಿಂದ ಎದ್ದು ಬಂದ ಹೆಣಗಳಂತೂ, ಒಂದು ಸಲವೂ ಬಾಯಿ ತೆರೆಯುವುದಿಲ್ಲ. ಈಗಿನ ಚಿತ್ರಗಳ ಜೋಂಬಿಗಳ ಹಾಗೆ ಗುರುಗುಟ್ಟುವುದೂ ಇಲ್ಲ. ಆಗಿನ ಶಬ್ದ ತಂತ್ರ ಅಷ್ಟು ಹಿಂದುಳಿದಿತ್ತೇ? ಅಥವಾ ಬೇಕೆಂದೇ ಹೀಗೆ ಮಾಡಿದರೇ? ಇದೇ ಥರದ ಬೇರೆ ಯಾವ ಚಿತ್ರ ನೋಡಬಹುದು?

ಉತ್ತರ: ತಂತ್ರದ ಮಿತಿ ಸ್ವಲ್ಪ ಇತ್ತು. ಹಣದ ಮಿತಿ ಜಾಸ್ತಿ ಇತ್ತು. ಆದರೆ ನಿಮ್ಮನ್ನು ಕಾಡಿದ ಆ ಮೌನಕ್ಕೆ ಈ ಎರಡು ಕಾರಣ ಸಾಲುವುದಿಲ್ಲ. ಚಿತ್ರವನ್ನು ಇನ್ನೊಂದು ಸಲ ಹಾಕಿ. ಯಾವ ದೃಶ್ಯದಲ್ಲಿ ಯಾರು ಮಾತಾಡುತ್ತಾರೆ, ಯಾರು ಬರೀ ನಿಂತಿರುತ್ತಾರೆ ಅನ್ನುವುದನ್ನಷ್ಟೇ ಗಮನಿಸಿ. ಒಂದು ಕ್ರಮ ಕಾಣಿಸುತ್ತದೆ. ಯಜಮಾನನಿಗೆ ಮಾತಿದೆ, ಅವನ ಕೈಕೆಳಗೆ ದುಡಿಯುವವರಿಗೆ ಇಲ್ಲ. ಆಗಿನ ಜೋಂಬಿ ಯಾರನ್ನೂ ಕಚ್ಚುವುದಿಲ್ಲ, ತಿನ್ನುವುದಿಲ್ಲ. ಒಬ್ಬ ಮನುಷ್ಯನಿಂದ ಮಾತನ್ನು ಕಸಿದುಕೊಂಡು ಮೈಯನ್ನು ಮಾತ್ರ ದುಡಿಮೆಗೆ ಉಳಿಸಿಕೊಂಡರೆ ಆಗುವವನೇ ಜೋಂಬಿ. ಶುರುವಿನ ವರ್ಷಗಳ ಒಳ್ಳೆಯ ಜೋಂಬಿ ಚಿತ್ರಗಳಲ್ಲಿ ಹೆದರಿಕೆ ಹುಟ್ಟುವುದು ಇಲ್ಲಿಂದ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ.

ಮೊದಲು ತಂತ್ರದ ವಿಷಯ ಮುಗಿಸಿಬಿಡೋಣ. ಹಾಲಿವುಡ್‌ನಲ್ಲಿ ಟಾಕಿ ಯುಗ ಶುರುವಾದದ್ದು 1927ರ ‘ದಿ ಜಾಝ್ ಸಿಂಗರ್’ ಚಿತ್ರದಿಂದ ಅನ್ನುವುದು ರೂಢಿ. ಆಮೇಲಿನ ಒಂದೆರಡು ವರ್ಷ ಕಷ್ಟದವು. ಕ್ಯಾಮೆರಾ ಓಡುವ ಸದ್ದು ಮೈಕ್‌ಗೆ ಬೀಳುತ್ತಿತ್ತು. ಅದಕ್ಕೆ ಕ್ಯಾಮೆರಾವನ್ನು ಗಾಜಿನ ಕಿಟಕಿ ಇರುವ ಗೂಡಿನೊಳಗೆ ಕೂರಿಸುತ್ತಿದ್ದರು. ನಟರು ಮೈಕ್ ಇದ್ದ ಜಾಗ ಬಿಟ್ಟು ಕದಲುವ ಹಾಗಿರಲಿಲ್ಲ. 1932ರ ಹೊತ್ತಿಗೆ ಈ ತಾಪತ್ರಯಗಳು ಬಹುಮಟ್ಟಿಗೆ ಕಳೆದಿದ್ದವು. ಆಗಿನ ಹಾಸ್ಯ ಚಿತ್ರಗಳನ್ನು ನೋಡಿ, ಜನ ಪಟಪಟ ಮಾತಾಡುತ್ತಾರೆ, ಓಡಾಡುತ್ತಾರೆ. ಇನ್ನೂ ಗಟ್ಟಿಯಾಗದೆ ಉಳಿದಿದ್ದದ್ದು ಹಿನ್ನೆಲೆ ಸಂಗೀತದ ಪದ್ಧತಿ. ಪರದೆಯ ಮೇಲೆ ವಾದ್ಯ ಕಾಣದೆ ಸಂಗೀತ ಕೇಳಿಸಿದರೆ ಜನ ಗೊಂದಲಪಡುತ್ತಾರೆ ಅನ್ನುವ ಅಳುಕು ನಿರ್ಮಾಪಕರಿಗಿತ್ತು. 1931ರ ‘ಡ್ರಾಕುಲಾ’ದಲ್ಲಿ ಹೆಸರು ತೋರಿಸುವಾಗ ‘ಸ್ವಾನ್ ಲೇಕ್’ ಸಂಗೀತ ಬರುತ್ತದೆ. ಅದಾದ ಮೇಲೆ ಸಂಗೀತ ಮಂದಿರದ ದೃಶ್ಯ ಬಿಟ್ಟರೆ ಚಿತ್ರ ಬಹುಪಾಲು ಬರಿದು. ಅದೇ ವರ್ಷ ನಮ್ಮಲ್ಲಿ ‘ಆಲಂ ಆರಾ’ 7 ಹಾಡುಗಳನ್ನು ಹೊತ್ತು ಬಂತು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು. ನಮ್ಮವರು ನಾಟಕ ಕಂಪನಿಯ ಹಾಡು, ಸಂಗೀತವನ್ನು ಹಾಗೇ ಪರದೆಗೆ ತಂದರು. ಅಂಥ ಚಿತ್ರಗಳಲ್ಲಿ ಬೆಳೆದ ನಮಗೆ ಆ ಕಾಲದ ಹಾಲಿವುಡ್ ಭಯಾನಕ ಚಿತ್ರಗಳು ಇನ್ನೂ ಬಣಗುಟ್ಟಿದ ಹಾಗೆ ಕೇಳಿಸುವುದು ಸಹಜ.

ಆದರೆ ‘ವೈಟ್ ಜೋಂಬಿ’ಯಲ್ಲಿ ‘ಡ್ರಾಕುಲಾ’ಗಿಂತ ಸಂಗೀತ ಜಾಸ್ತಿಯೇ ಇದೆ. ಏಬ್ ಮೇಯರ್ ಅನ್ನುವವರು ಹಳೆಯ ಶಾಸ್ತ್ರೀಯ ಕೃತಿಗಳ ತುಣುಕುಗಳನ್ನೆಲ್ಲ ಆಯ್ದು ಜೋಡಿಸಿದರು. ಶುರುವಿಗೆ ಡೋಲಿನ ಜೊತೆ ಜನ ಗುಂಪಾಗಿ ಹಾಡುವುದು ಕೇಳಿಸುತ್ತದೆ. ಎಲ್ಲಿ ಸಂಗೀತ ಬೇಕು, ಎಲ್ಲಿ ಸದ್ದು ಬೇಕು, ಎಲ್ಲಿ ಏನೂ ಬೇಡ ಎಂದು ಕೂತು ಯೋಚಿಸಿದ್ದು ಗೊತ್ತಾಗುತ್ತದೆ. ಸೋಮಾರಿತನದ ಮೌನ ಇದಲ್ಲ.

ಹಣದ ಮಾತೂ ಇದೆ. ನಿರ್ದೇಶಕ ವಿಕ್ಟರ್ ಹಾಲ್ಪೆರಿನ್, ನಿರ್ಮಾಪಕ ಅವನ ಸಹೋದರ ಎಡ್ವರ್ಡ್. ದೊಡ್ಡ ಸ್ಟುಡಿಯೋದ ಬೆನ್ನು ಅವರಿಗಿರಲಿಲ್ಲ. ಯೂನಿವರ್ಸಲ್ ಸ್ಟುಡಿಯೋದ ಜಾಗ ಬಾಡಿಗೆಗೆ ಹಿಡಿದು, ‘ಡ್ರಾಕುಲಾ’, ‘ಫ್ರಾಂಕನ್‌ಸ್ಟೈನ್’ ಚಿತ್ರಗಳಿಗೆ ಹಾಕಿದ್ದ ಸೆಟ್ಟುಗಳನ್ನೇ ಬಳಸಿ, ಬಹುಪಾಲು ರಾತ್ರಿ ಹೊತ್ತು, 11 ದಿನಗಳಲ್ಲಿ ಶೂಟಿಂಗ್ ಮುಗಿಸಿದರು. ಮಾತು ಕಡಿಮೆ ಇದ್ದರೆ ಕೆಲಸ ಬೇಗ ಸಾಗುತ್ತದೆ. ನಾಯಕಿ ಮ್ಯಾಜ್ ಬೆಲ್ಲಮಿ, ನಾಯಕ ಜಾನ್ ಹ್ಯಾರನ್ ಇಬ್ಬರೂ ಮೂಕಿ ಕಾಲದಲ್ಲಿ ಹೆಸರು ಮಾಡಿದವರು. ಅವರ ಸಂಭಾಷಣೆ ಒಪ್ಪಿಸಿದ ಪಾಠದ ಹಾಗಿದೆ ಎಂದು ಹೇಳದೆ ವಿಧಿಯಿಲ್ಲ. ಆಗಿನ ವಿಮರ್ಶಕರೂ ನಟನೆಯನ್ನು ತರಾಟೆಗೆ ತೆಗೆದುಕೊಂಡಿದ್ದರು. ಮಾತು ಬಂದಲ್ಲೆಲ್ಲ ಚಿತ್ರ ತಗ್ಗುತ್ತದೆ, ಮಾತು ನಿಂತಲ್ಲೆಲ್ಲ ಎದ್ದು ನಿಲ್ಲುತ್ತದೆ. ಖಳನ ಪಾತ್ರ ಮಾಡಿದ ಬೆಲಾ ಲುಗೋಸಿ ಒಬ್ಬನ ಮಾತು ಮಾತ್ರ ಇದಕ್ಕೆ ಹೊರತು. ಏಕೆ ಅನ್ನುವುದೇ ಈ ಉತ್ತರದ ಮುಖ್ಯ ಭಾಗ.

ಮೊದಲ ದೃಶ್ಯ ನೆನಪು ಮಾಡಿಕೊಳ್ಳಿ. ಕಥೆ ನಡೆಯುವುದು ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲಿ. ಮದುವೆಯಾಗಲು ಹೊರಟ ಜೋಡಿ ರಾತ್ರಿ ಗಾಡಿಯಲ್ಲಿ ಬರುತ್ತಿದೆ. ದಾರಿಯ ನಡುವೆಯೇ ಜನ ಹಾಡುತ್ತಾ ಒಂದು ಹೆಣ ಹೂಳುತ್ತಿದ್ದಾರೆ. ಗಾಡಿ ಹೊಡೆಯುವವನು ಕಾರಣ ಹೇಳುತ್ತಾನೆ: ಹೆಣ ಕದಿಯುವವರ ಭಯಕ್ಕೆ ಜನ ಓಡಾಡುವ ದಾರಿಯಲ್ಲೇ ಹೂಳುತ್ತಾರೆ. ಮುಂದೆ ಒಬ್ಬ ಮನುಷ್ಯ ನಿಂತಿದ್ದಾನೆ. ಅವನೇ ಲುಗೋಸಿಯ ಪಾತ್ರ, ಮರ್ಡರ್ ಲೆಜೆಂಡ್ರ. ಗಾಡಿಯವನು ದಾರಿ ಕೇಳುತ್ತಾನೆ. ಲೆಜೆಂಡ್ರ ಉತ್ತರ ಕೊಡುವುದಿಲ್ಲ. ಗಾಡಿಯ ಕಿಟಕಿಯ ಹತ್ತಿರ ಬಂದು ಹುಡುಗಿಯನ್ನೇ ನೋಡುತ್ತಾನೆ. ಅವಳ ಕೊರಳ ವಸ್ತ್ರಕ್ಕೆ ಕೈ ಹಾಕುತ್ತಾನೆ. ಅಷ್ಟರಲ್ಲಿ ಗುಡ್ಡದ ಮೇಲಿಂದ ಕಪ್ಪು ಆಕೃತಿಗಳು ಸಾಲಾಗಿ ಇಳಿಯುತ್ತವೆ. ಗಾಡಿಯವನು ‘ಜೋಂಬಿ!’ ಎಂದು ಕೂಗಿ ಕುದುರೆ ಓಡಿಸುತ್ತಾನೆ. ಇಡೀ ದೃಶ್ಯದಲ್ಲಿ ವಿಷಯ ಗೊತ್ತಿರುವವನು ಗಾಡಿಯವನೊಬ್ಬನೇ. ಆ ಪಾತ್ರ ಮಾಡಿದ ಕ್ಲಾರೆನ್ಸ್ ಮ್ಯೂಸ್ ಹೆಸರಾಂತ ಕಪ್ಪು ನಟ. ಆಮೇಲೆ, ಅವರು ಮನುಷ್ಯರಲ್ಲ, ಗೋರಿಯಿಂದ ಎಬ್ಬಿಸಿ ರಾತ್ರಿ ಸಕ್ಕರೆ ಗಿರಣಿಯಲ್ಲಿ, ಹೊಲದಲ್ಲಿ ದುಡಿಸುವ ಹೆಣಗಳು ಎಂದು ಬಿಡಿಸಿ ಹೇಳುವವನೂ ಅವನೇ. ಹೇಳಬೇಕಾದದ್ದನ್ನು ಹೇಳಿ ಅವನು ಕಥೆಯಿಂದಲೇ ಹೊರಟುಹೋಗುತ್ತಾನೆ. ಮ್ಯೂಸ್ ಆ ಎರಡು ಮಾತನ್ನು ಆಡುವ ರೀತಿಯಲ್ಲಿ ನಿಜವಾದ ಹೆದರಿಕೆ ಇದೆ. ಚಿತ್ರ ಅವನನ್ನು ಇನ್ನಷ್ಟು ಹೊತ್ತು ಇಟ್ಟುಕೊಳ್ಳಬೇಕಿತ್ತು.

ಇನ್ನು ಗಿರಣಿಯ ದೃಶ್ಯ. ಈ ಚಿತ್ರದಲ್ಲಿ ಒಂದೇ ಒಂದು ದೃಶ್ಯ ನೋಡಿ ಎಂದರೆ ನಾನು ಇದನ್ನೇ ತೋರಿಸುತ್ತೇನೆ. ತೋಟದ ಮಾಲೀಕ ಬೋಮಾಂಟ್‌ಗೆ ಆ ಹುಡುಗಿ ಬೇಕು. ಸಹಾಯ ಕೇಳಲು ಲೆಜೆಂಡ್ರನ ಗಿರಣಿಗೆ ಬರುತ್ತಾನೆ. ಒಳಗೆ ಕಾಲಿಟ್ಟ ಕೂಡಲೆ ಮರದ ಯಂತ್ರ ಕಿರುಗುಡುವ ಸದ್ದು. ದೊಡ್ಡ ಮರದ ತೊಲೆಗಳನ್ನು ದೂಡುತ್ತಾ ಜೋಂಬಿಗಳು ಸುತ್ತುತ್ತಿದ್ದಾರೆ, ಗಾಣಕ್ಕೆ ಕಟ್ಟಿದ ಎತ್ತುಗಳ ಹಾಗೆ. ಎತ್ತಿನ ಕೊರಳಲ್ಲಾದರೂ ಗಂಟೆ ಇರುತ್ತದೆ, ಹೊಡೆಯುವವನು ಅದರ ಜೊತೆ ಏನಾದರೂ ಮಾತಾಡುತ್ತಾನೆ. ಇಲ್ಲಿ ಅದೂ ಇಲ್ಲ. ಸಂಗೀತವನ್ನೂ ಪೂರ್ತಿ ತೆಗೆದಿದ್ದಾರೆ. ಆ ಕಿರುಗುಟ್ಟುವಿಕೆ ಎಷ್ಟು ಹೊತ್ತು ಬರುತ್ತದೆ ಎಂದರೆ, ಸ್ವಲ್ಪ ಹೊತ್ತಿಗೆ ಅದು ಮರದ್ದೋ ಮನುಷ್ಯರದ್ದೋ ಎಂದು ಅನುಮಾನ ಬರುತ್ತದೆ. ನರಳಬೇಕಾದವರು ನರಳುವುದಿಲ್ಲ, ಅವರ ಪರವಾಗಿ ಯಂತ್ರ ನರಳುತ್ತಿದೆ.

ಮೇಲಿನ ಅಟ್ಟದಲ್ಲಿ ಕಬ್ಬು ಹೊತ್ತವರ ಸಾಲು. ಅವರಲ್ಲೊಬ್ಬ ಮುಗ್ಗರಿಸಿ ಕೆಳಗೆ ಅರೆಯುವ ಯಂತ್ರದೊಳಕ್ಕೆ ಬೀಳುತ್ತಾನೆ. ಕಿರುಚುವುದಿಲ್ಲ. ಹಿಂದೆ ಬರುವವರು ನಿಲ್ಲುವುದಿಲ್ಲ. ಕೆಳಗೆ ತೊಲೆ ದೂಡುವವರು ತಲೆ ಎತ್ತುವುದಿಲ್ಲ. ಯಂತ್ರದ ಸದ್ದು ಒಂದು ಚೂರೂ ಬದಲಾಗುವುದಿಲ್ಲ. ಬೇರೆ ಯಾವ ನಿರ್ದೇಶಕನಾದರೂ ಇಲ್ಲಿ ಒಂದು ಚೀತ್ಕಾರ ಇಡುತ್ತಿದ್ದ, ಇಲ್ಲವೇ ಸಂಗೀತವನ್ನು ಏರಿಸುತ್ತಿದ್ದ, ಅಲ್ವಾ? ಹಾಲ್ಪೆರಿನ್ ಏನೂ ಮಾಡಲಿಲ್ಲ. ಒಂದು ಜೀವ ಹೋದದ್ದು ಆ ಗಿರಣಿಯಲ್ಲಿ ಸುದ್ದಿಯೇ ಅಲ್ಲ ಎಂದು ಆ ಬದಲಾಗದ ಸದ್ದೇ ಹೇಳುತ್ತದೆ.

ಇದಾದ ಮೇಲೆ ಲೆಜೆಂಡ್ರ ಬಾಯಿ ತೆರೆಯುತ್ತಾನೆ. ಬೋಮಾಂಟ್ ತನ್ನ ಕೈ ಕುಲುಕದಿದ್ದರೂ ನಗುತ್ತಾನೆ. ಇವರು ನಿಯತ್ತಾಗಿ ದುಡಿಯುತ್ತಾರೆ, ಹೆಚ್ಚು ಹೊತ್ತು ಕೆಲಸ ಮಾಡಬೇಕಲ್ಲ ಅನ್ನುವ ಚಿಂತೆ ಇವರಿಗಿಲ್ಲ, ನಿಮ್ಮ ತೋಟಕ್ಕೂ ಇಂಥವರು ಆಗಬಹುದು ಎನ್ನುತ್ತಾನೆ. ಲುಗೋಸಿ ಹಂಗೇರಿಯಿಂದ ಬಂದವನು. ಇಂಗ್ಲಿಷ್ ಅವನ ನಾಲಿಗೆಗೆ ಪೂರ್ತಿ ಒಗ್ಗಿರಲಿಲ್ಲ. ಒಂದೊಂದು ಪದವನ್ನೂ ಬಿಡಿಬಿಡಿಯಾಗಿ, ಎಳೆದು, ನಡುವೆ ಜಾಗ ಬಿಟ್ಟು ಆಡುತ್ತಾನೆ. ಬೇರೆ ಚಿತ್ರಗಳಲ್ಲಿ ಇದು ಅವನಿಗೆ ಅಡ್ಡಿಯಾಯಿತು, ಇಲ್ಲಿ ಅದೇ ಬಲವಾಯಿತು. ತನ್ನ ಮಾತನ್ನು ಯಾರೂ ತುಂಡರಿಸುವುದಿಲ್ಲ ಎಂದು ಖಾತ್ರಿ ಇರುವವನು ಮಾತ್ರ ಅಷ್ಟು ನಿಧಾನವಾಗಿ ಮಾತಾಡಬಲ್ಲ. ಸುತ್ತ ಅಷ್ಟೊಂದು ಜನ ಇದ್ದಾರೆ. ಒಬ್ಬರಿಗೂ ಎದುರಾಡುವ ಬಾಯಿಲ್ಲ.

ಸ್ಮಶಾನದ ದೃಶ್ಯದಲ್ಲಿ ಇದು ಇನ್ನೂ ನಿಚ್ಚಳವಾಗುತ್ತದೆ. ಲೆಜೆಂಡ್ರ ತನ್ನ ಜೊತೆಗಿರುವ ಜೋಂಬಿಗಳನ್ನು ಬೋಮಾಂಟ್‌ಗೆ ಒಬ್ಬೊಬ್ಬರಾಗಿ ಪರಿಚಯ ಮಾಡಿಕೊಡುತ್ತಾನೆ. ಇವನು ಮಂತ್ರಿಯಾಗಿದ್ದವನು, ಇವನು ದರೋಡೆಕೋರರ ನಾಯಕ, ಇವನು ಪೊಲೀಸ್ ಪಡೆಯ ಅಧಿಕಾರಿ, ಇವನು ನನ್ನನ್ನು ಇನ್ನೇನು ಗಲ್ಲಿಗೇರಿಸುತ್ತಿದ್ದವನು. ಎಲ್ಲರೂ ಬದುಕಿದ್ದಾಗ ಅವನ ಶತ್ರುಗಳು. ಒಬ್ಬ ಮಂತ್ರವಾದಿ, ಲೆಜೆಂಡ್ರನ ಗುರು. ಅವನಿಗೆ ಚಿತ್ರಹಿಂಸೆ ಕೊಟ್ಟು ಗುಟ್ಟುಗಳನ್ನು ಬಾಯಿಬಿಡಿಸಿದ್ದು ಲೆಜೆಂಡ್ರನೇ. ಮೊದಲು ಬಲವಂತವಾಗಿ ಮಾತು ಹೊರಡಿಸಿದ್ದಾನೆ, ಆಮೇಲೆ ಮಾತನ್ನೇ ಇಲ್ಲವಾಗಿಸಿದ್ದಾನೆ. ಅವರ ಬದುಕಿನ ಕಥೆಯನ್ನು ಅವರ ಮುಖದ ಎದುರೇ ಬೇರೊಬ್ಬ ಹೇಳುತ್ತಿದ್ದಾನೆ, ಅವರು ಕಣ್ಣು ಬಿಟ್ಟುಕೊಂಡು ನಿಂತಿದ್ದಾರೆ. ಇವರಿಗೆ ಮತ್ತೆ ಆತ್ಮ ಬಂದರೆ ಎಂದು ಬೋಮಾಂಟ್ ಕೇಳುತ್ತಾನೆ. ನನ್ನನ್ನು ಸಿಗಿದುಹಾಕುತ್ತಾರೆ ಎಂದು ಲೆಜೆಂಡ್ರ ಒಪ್ಪಿಕೊಳ್ಳುತ್ತಾನೆ. ಇಲ್ಲಿ ಒಂದು ವಿಷಯ ನನಗೆ ಮುಳ್ಳಿನ ಹಾಗೆ ಚುಚ್ಚುತ್ತದೆ. ಈ ಅಧಿಕಾರಿಗಳೆಲ್ಲ ಬಿಳಿ ನಟರು, ಅವರಿಗೆ ಹೆಸರು, ಹುದ್ದೆ, ಕಥೆ ಇವೆ. ಗಿರಣಿಯಲ್ಲಿ ತಿರುಗುತ್ತಿದ್ದ ಕಪ್ಪು ಜನರಿಗೆ ಅಷ್ಟೂ ಸಿಗಲಿಲ್ಲ. ಅವರು ಯಾರಾಗಿದ್ದರು ಎಂದು ಕೇಳುವವರೂ ಚಿತ್ರದಲ್ಲಿ ಇಲ್ಲ.

ಈ ಎಲ್ಲದರ ಮೂಲ ಹೈಟಿಯಲ್ಲಿದೆ. 1915ರಿಂದ 1934ರವರೆಗೆ ಹೈಟಿಯನ್ನು ಅಮೆರಿಕದ ಸೇನೆ ಹಿಡಿದುಕೊಂಡಿತ್ತು. ರಸ್ತೆ ಮಾಡಿಸಲು ಹಳ್ಳಿಯವರನ್ನು ಬಿಟ್ಟಿ ಚಾಕರಿಗೆ ಎಳೆಯುತ್ತಿದ್ದರು. ಅದಕ್ಕೂ ಹಿಂದೆ ಫ್ರೆಂಚರ ಕಬ್ಬಿನ ತೋಟಗಳಲ್ಲಿ ಆಫ್ರಿಕಾದ ಗುಲಾಮರು ದುಡಿದು ಸತ್ತ ನೆಲ ಅದು. ಸತ್ತ ಮೇಲೂ ದುಡಿತ ತಪ್ಪದಿರುವುದೇ ಅಲ್ಲಿನವರ ದೊಡ್ಡ ಭಯವಾಗಿದ್ದರೆ ಆಶ್ಚರ್ಯವಿಲ್ಲ. ವಿಲಿಯಂ ಸೀಬ್ರೂಕ್ ಎಂಬ ಅಮೆರಿಕನ್ ಲೇಖಕ 1929ರಲ್ಲಿ ‘ದಿ ಮ್ಯಾಜಿಕ್ ಐಲೆಂಡ್’ ಎಂಬ ಪುಸ್ತಕ ಬರೆದ. ಅದರಲ್ಲಿ ಕಬ್ಬಿನ ಗದ್ದೆಯಲ್ಲಿ ದುಡಿಯುವ ಸತ್ತವರ ಬಗ್ಗೆ ಒಂದು ಅಧ್ಯಾಯವಿದೆ. ಹಾಲಿವುಡ್‌ನ ಜೋಂಬಿ ಹುಟ್ಟಿದ್ದು ಹೆಚ್ಚುಕಡಿಮೆ ಅಲ್ಲಿಂದಲೇ.

ಆ ಪುಸ್ತಕದಲ್ಲಿ ಸೀಬ್ರೂಕ್‌ಗೆ ಅಲ್ಲಿನವರು ಹೇಳಿದ ಒಂದು ಕಥೆ ಬರುತ್ತದೆ. ಒಬ್ಬ ಮೇಸ್ತ್ರಿ ಜೋಂಬಿಗಳ ಗುಂಪನ್ನು ಸಕ್ಕರೆ ಕಂಪನಿಯ ಗದ್ದೆಗೆ ಕೂಲಿಗೆ ತರುತ್ತಾನೆ. ಕೂಲಿಯ ಹಣ ಅವನ ಜೇಬಿಗೆ. ಜೋಂಬಿಗಳಿಗೆ ಉಪ್ಪು ತಾಗಿಸಬಾರದು, ಸಪ್ಪೆ ಊಟವನ್ನೇ ಹಾಕಬೇಕು ಅನ್ನುವುದು ನಿಯಮ. ಹಬ್ಬದ ದಿನ ಅವನ ಹೆಂಡತಿ ಕನಿಕರಪಟ್ಟು ಅವರಿಗೆ ಮಿಠಾಯಿ ಕೊಡಿಸುತ್ತಾಳೆ. ಅದರೊಳಗಿನ ಬೀಜಕ್ಕೆ ಉಪ್ಪು ಹಾಕಿರುತ್ತಾರೆ. ಉಪ್ಪು ನಾಲಿಗೆಗೆ ತಾಗಿದ್ದೇ ತಡ, ತಾವು ಸತ್ತಿದ್ದೇವೆ ಎಂದು ಅವರಿಗೆ ಗೊತ್ತಾಗುತ್ತದೆ. ಭಯಂಕರವಾಗಿ ಕೂಗಿಕೊಳ್ಳುತ್ತಾರೆ. ಎದ್ದು ತಮ್ಮ ಊರಿನ ಬೆಟ್ಟದ ಕಡೆ, ತಮ್ಮ ಗೋರಿಗಳ ಕಡೆ ನಡೆದುಬಿಡುತ್ತಾರೆ. ಯಾರಿಂದಲೂ ಅವರನ್ನು ತಡೆಯಲು ಆಗುವುದಿಲ್ಲ.

ಆ ಕೂಗನ್ನು ಸ್ವಲ್ಪ ನಿಂತು ಯೋಚಿಸಿ. ಹೈಟಿಯವರ ಕಥೆಯಲ್ಲಿ ಜೋಂಬಿಯ ಮೌನಕ್ಕೆ ಒಂದು ಕೊನೆ ಇದೆ. ಅರಿವು ಬಂದ ಕ್ಷಣದಲ್ಲಿ ದನಿ ಬರುತ್ತದೆ, ದನಿ ಬಂದ ಕ್ಷಣದಲ್ಲಿ ಚಾಕರಿ ಮುಗಿಯುತ್ತದೆ. ಹಾಲಿವುಡ್ ಮೌನವನ್ನು ಎರವಲು ತಂದಿತು, ಕೂಗನ್ನು ಅಲ್ಲೇ ಬಿಟ್ಟಿತು. ‘ವೈಟ್ ಜೋಂಬಿ’ಯಲ್ಲಿ ಉಪ್ಪಿನ ಸುದ್ದಿಯೇ ಇಲ್ಲ. ಕೊನೆಯಲ್ಲಿ ಅಧಿಕಾರಿ ಜೋಂಬಿಗಳು ಬಂಡೆಯ ಅಂಚಿನಿಂದ ಒಬ್ಬರ ಹಿಂದೊಬ್ಬರು ಸದ್ದಿಲ್ಲದೆ ಬೀಳುತ್ತಾರೆ. ಗಿರಣಿಯವರು ಏನಾದರು ಎಂದು ಚಿತ್ರ ಹೇಳುವುದಿಲ್ಲ. ಬಿಡುಗಡೆ ಸಿಗುವುದು ಬಿಳಿಯ ನಾಯಕಿಗೆ ಮಾತ್ರ. ಅವಳಿಗೆ ಕಣ್ಣಿನಲ್ಲಿ ಬೆಳಕು ಬರುತ್ತದೆ, ಗಂಡನ ಹೆಸರು ಬಾಯಿಗೆ ಬರುತ್ತದೆ. ಅಮೆರಿಕದ ಸೇನೆ ಇನ್ನೂ ಹೈಟಿಯಲ್ಲಿರುವಾಗ ಬಂದ ಚಿತ್ರ ಇದು. ಎದ್ದು ಕೂಗಿಕೊಂಡು ಹೊರಟುಹೋಗುವ ಕೂಲಿಗಳನ್ನು ತೋರಿಸುವ ಮನಸ್ಸು ಆಗ ಯಾರಿಗಿತ್ತು?

ಹೈಟಿಗೆ ಹೋಗಿ ಬಂದ ಇನ್ನೊಬ್ಬರು ಜೋರಾ ನೀಲ್ ಹರ್ಸ್ಟನ್. ಕಪ್ಪು ಅಮೆರಿಕನ್ ಲೇಖಕಿ, ಜನಪದ ಅಧ್ಯಯನ ಮಾಡಿದವರು. ಜೋಂಬಿ ಎಂದು ಊರವರು ನಂಬಿದ್ದ ಒಬ್ಬ ಹೆಂಗಸನ್ನು ಆಸ್ಪತ್ರೆಯಲ್ಲಿ ಕಂಡು ಫೋಟೋ ತೆಗೆದರು, 1938ರ ತಮ್ಮ ಪುಸ್ತಕದಲ್ಲಿ ಬರೆದರು. ಆ ಹೆಂಗಸಿನ ಗಂಟಲಿನಿಂದ ಒಡೆದು ಒಡೆದು ಬರುತ್ತಿದ್ದ ಸದ್ದನ್ನು ಕಿವಿಗೊಟ್ಟು ಕೇಳಿದೆ ಎನ್ನುತ್ತಾರೆ. ಅಲ್ಲಿ ಇದ್ದದ್ದು ಪೂರ್ತಿ ಮೌನವಲ್ಲ, ಮುರಿದ ಮಾತು. ಸಿನಿಮಾದವರಿಗೆ ಅದೂ ಬೇಡವಾಗಿತ್ತು.

‘ವೈಟ್ ಜೋಂಬಿ’ಯ ಇನ್ನೊಂದು ದೃಶ್ಯ ಹೇಳಿ ಮುಂದೆ ಹೋಗುತ್ತೇನೆ, ಅದನ್ನು ಬಿಡಲು ಮನಸ್ಸಾಗುತ್ತಿಲ್ಲ. ಬೋಮಾಂಟ್‌ಗೆ ಹುಡುಗಿ ಸಿಕ್ಕಿದ್ದಾಳೆ, ಜೋಂಬಿಯಾಗಿ. ಪಿಯಾನೋ ನುಡಿಸುತ್ತಾಳೆ, ಕೂರು ಎಂದರೆ ಕೂರುತ್ತಾಳೆ. ಮಾತಿಲ್ಲ. ಆ ಖಾಲಿ ಕಣ್ಣು ನೋಡಲಾಗದೆ ಅವನು, ಅವಳನ್ನು ಮೊದಲಿನ ಹಾಗೆ ಮಾಡು ಎಂದು ಲೆಜೆಂಡ್ರನನ್ನು ಬೇಡುತ್ತಾನೆ. ಲೆಜೆಂಡ್ರ ಅವನಿಗೂ, ಮನುಷ್ಯರನ್ನು ಜೋಂಬಿ ಮಾಡುವ ಅದೇ ಪುಡಿ ಹಾಕಿಬಿಟ್ಟಿರುತ್ತಾನೆ. ಮೇಜಿನ ಒಂದು ಕಡೆ ಬೋಮಾಂಟ್ ಕುರ್ಚಿಯಲ್ಲಿ ಕುಸಿದಿದ್ದಾನೆ, ನಾಲಿಗೆ ಬಿದ್ದುಹೋಗಿದೆ. ಇನ್ನೊಂದು ಕಡೆ ಲೆಜೆಂಡ್ರ ಆರಾಮಾಗಿ ಮೇಣದ ಗೊಂಬೆ ಕೆತ್ತುತ್ತಾ ಕೂತಿದ್ದಾನೆ. ನಿನಗೆ ಮಾತು ಹೋದದ್ದು ಬೇಸರದ ವಿಷಯ, ಏನೇನಾಗುತ್ತಿದೆ ಎಂದು ನಿನ್ನ ಬಾಯಿಂದ ಕೇಳುವ ಆಸೆ ಇತ್ತು, ತನಗೇನಾಗುತ್ತಿದೆ ಎಂದು ಗೊತ್ತಿರುವ ಮೊದಲ ಮನುಷ್ಯ ನೀನೇ ಎನ್ನುತ್ತಾನೆ. ಬೋಮಾಂಟ್ ಕಷ್ಟಪಟ್ಟು ಕೈ ಚಾಚಿ ಅವನ ಕೈ ಮುಟ್ಟುತ್ತಾನೆ. ಅಂದು ಗಿರಣಿಯಲ್ಲಿ ಕುಲುಕಲು ಒಲ್ಲೆನೆಂದ ಅದೇ ಕೈ. ಲೆಜೆಂಡ್ರ ಅದನ್ನು ಮರೆತಿಲ್ಲ, ನೆನಪಿಸುತ್ತಾನೆ. ಮಾತು ಹೋಗುತ್ತಿರುವವನ ಒಳಗೆ ಅರಿವು ಇನ್ನೂ ಇದೆ ಎಂದು ನಮಗೆ ಮೊದಲ ಸಲ ಕಾಣುವುದು ಇಲ್ಲಿ. ಆಮೇಲೆ ಗಿರಣಿಯ ದೃಶ್ಯಕ್ಕೆ ಹಿಂದಿರುಗಿದರೆ ಅದು ಬೇರೆಯೇ ಆಗಿ ಕಾಣುತ್ತದೆ. ಅಲ್ಲಿ ತೊಲೆ ದೂಡುತ್ತಿದ್ದವರ ಒಳಗೆ ಏನಿತ್ತೋ!

ಇಷ್ಟು ಒಳ್ಳೆಯದನ್ನು ಕೊಟ್ಟ ಚಿತ್ರ, ಬೆಂಕಿಕಡ್ಡಿ ಇದೆಯಾ ಎಂದು ಪದೇ ಪದೇ ಕೇಳುವ ಡಾಕ್ಟರನ ತಮಾಷೆಯೊಂದಿಗೆ ಮುಗಿಯುವುದು ನನಗೆ ಸರಿಬರುವುದಿಲ್ಲ. ಟಾಕಿ ಚಿತ್ರ ಅಂದಮೇಲೆ ಕೊನೆಗೊಂದು ಮಾತು ಇರಲೇಬೇಕು ಎಂದುಕೊಂಡರೇನೋ.

ಆಮೇಲಿನ ಹತ್ತು ವರ್ಷದ ಜೋಂಬಿ ಚಿತ್ರಗಳಲ್ಲಿ ಹೆಚ್ಚಿನವನ್ನು ನೀವು ಬಿಟ್ಟರೂ ನಷ್ಟವಿಲ್ಲ. ಹಾಲ್ಪೆರಿನ್ 1936ರಲ್ಲಿ ‘ರಿವೋಲ್ಟ್ ಆಫ್ ದಿ ಜೋಂಬೀಸ್’ ಮಾಡಿದ. ಕಥೆಯನ್ನು ಕಾಂಬೋಡಿಯಾಕ್ಕೆ ಒಯ್ದು, ಎಲ್ಲವನ್ನೂ ಮಾತಿನಲ್ಲೇ ವಿವರಿಸಿ ಕೆಡಿಸಿಕೊಂಡ. ಮೌನದ ಬೆಲೆ ಗೊತ್ತಿದ್ದವನೇ ಹೀಗೆ ಮಾಡಿದನಲ್ಲ ಎಂದು ನೋವಾಗುತ್ತದೆ. 1941ರ ‘ಕಿಂಗ್ ಆಫ್ ದಿ ಜೋಂಬೀಸ್’ ಹಾಸ್ಯದ ಚಿತ್ರ. ಅದರಲ್ಲಿ ಒಂದು ಗಳಿಗೆ ಮಾತ್ರ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಕಪ್ಪು ಹಾಸ್ಯನಟ ಮ್ಯಾಂಟನ್ ಮೋರ್ಲ್ಯಾಂಡ್‌ನ ಪಾತ್ರಕ್ಕೆ ತಾನು ಜೋಂಬಿಯಾಗಿದ್ದೇನೆ ಎಂದು ನಂಬಿಸಿರುತ್ತಾರೆ. ಜೋಂಬಿಗಳು ಮಾತಾಡುವುದಿಲ್ಲವಲ್ಲ ಎಂದು ಅಡುಗೆಮನೆಯ ಹುಡುಗಿ ಕೇಳಿದರೆ, ನಾನು ಹುಟ್ಟಾ ಮಾತುಗಾರ, ಏನು ಮಾಡಲಿ ಎನ್ನುತ್ತಾನೆ. ಮೋರ್ಲ್ಯಾಂಡ್‌ಗೆ ಕೊಟ್ಟ ಪಾತ್ರ ಹೆದರುಪುಕ್ಕಲ ಸೇವಕನದು, ಆ ಕಾಲದ ಹಾಲಿವುಡ್ ಕಪ್ಪು ನಟರಿಗೆ ಕೊಡುತ್ತಿದ್ದದ್ದೇ ಅಷ್ಟು. ಅವನು ಆ ಪಾತ್ರದೊಳಗಿಂದಲೇ ಇಡೀ ಚಿತ್ರವನ್ನು ಬಾಯಿಯ ಬಲದಿಂದ ತನ್ನದು ಮಾಡಿಕೊಳ್ಳುತ್ತಾನೆ. ತನ್ನ ಮಾತನ್ನು ಬಿಟ್ಟುಕೊಡದ ಜೋಂಬಿ ಅವನೊಬ್ಬನೇ.

ಮುಂದೆ ಯಾವುದು ನೋಡಬಹುದು ಎಂದಿರಿ. ಉತ್ತರ ಒಂದೇ: 1943ರ ‘ಐ ವಾಕ್ಡ್ ವಿತ್ ಎ ಜೋಂಬಿ’. ಆರ್‌ಕೆಓ ಸ್ಟುಡಿಯೋದ ಚಿತ್ರ. ನಿರ್ಮಾಪಕ ವಾಲ್ ಲ್ಯೂಟನ್, ನಿರ್ದೇಶಕ ಜಾಕ್ ಟೂರ್ನರ್. ಹೆಸರು ನೋಡಿ ಹಿಂಜರಿಯಬೇಡಿ, ಆ ಹೆಸರನ್ನು ಸ್ಟುಡಿಯೋದವರೇ ಲ್ಯೂಟನ್ ತಲೆಗೆ ಕಟ್ಟಿದ್ದರು. ಸುಮಾರು 69 ನಿಮಿಷದ ಚಿತ್ರ. ನನ್ನ ಮಟ್ಟಿಗೆ ಆ ಕಾಲದ ಜೋಂಬಿ ಚಿತ್ರಗಳಲ್ಲಿ ಇದಕ್ಕೆ ಸಮನಾದದ್ದು ಇಲ್ಲ.

ಬೆಟ್ಸಿ ಎಂಬ ಕೆನಡಾದ ನರ್ಸ್ ಕೆರಿಬಿಯನ್ ದ್ವೀಪವೊಂದಕ್ಕೆ ಬರುತ್ತಾಳೆ. ಸಕ್ಕರೆ ತೋಟದ ಮಾಲೀಕನ ಹೆಂಡತಿ ಜೆಸ್ಸಿಕಾಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಜೆಸ್ಸಿಕಾ ನಡೆಯುತ್ತಾಳೆ, ಮಾತಾಡುವುದಿಲ್ಲ. ಜ್ವರದಿಂದ ಹೀಗಾಯಿತು ಎಂದು ಡಾಕ್ಟರ್ ಹೇಳುತ್ತಾನೆ. ಜೋಂಬಿ ಎಂದು ಊರವರು ಹೇಳುತ್ತಾರೆ. ಗಂಡ ಒಂದು ಕಥೆ ಹೇಳುತ್ತಾನೆ, ಮೈದುನ ಇನ್ನೊಂದು, ಅತ್ತೆ ಮತ್ತೊಂದು. ಎಲ್ಲರೂ ಅವಳ ಬಗ್ಗೆ ಮಾತಾಡುವವರೇ. ಅವಳು ಯಾರನ್ನು ಪ್ರೀತಿಸಿದಳು, ಎಲ್ಲಿಗೆ ಓಡಿಹೋಗಬೇಕೆಂದಿದ್ದಳು, ಅವಳಿಗೆ ಏನು ಬೇಕಿತ್ತು ಎಂದು ಅವಳ ಬಾಯಿಂದ ನಾವು ಒಂದು ಅಕ್ಷರವನ್ನೂ ಕೇಳುವುದಿಲ್ಲ. ‘ವೈಟ್ ಜೋಂಬಿ’ಯಲ್ಲಿ ಮೌನ ಗಿರಣಿಯ ಕೂಲಿಗಳದಾಗಿತ್ತು. ಇಲ್ಲಿ ಅದು ಮಾಲೀಕನ ಮನೆಯೊಳಕ್ಕೇ ಬಂದು ಕೂತಿದೆ.

ಇನ್ನು ಊರಿನ ಕಪ್ಪು ಜನ. ಅವರಿಗೆ ಇಲ್ಲಿ ಮಾತಿದೆ. ಕಡಿಮೆ, ಆದರೆ ತೂಕದ ಮಾತು. ಬೆಟ್ಸಿಯನ್ನು ಕರೆತರುವ ಗಾಡಿಯವನು, ತಮ್ಮ ಹಿರಿಯರನ್ನು ದೊಡ್ಡ ಹಡಗಿನ ತಳಕ್ಕೆ ಸಂಕೋಲೆ ಹಾಕಿ ತಂದರು ಎಂದು ಹೇಳುತ್ತಾನೆ. ಎಷ್ಟು ಚೆಂದದ ಜಾಗಕ್ಕೆ ತಂದರಲ್ಲ ಎನ್ನುತ್ತಾಳೆ ಬೆಟ್ಸಿ. ಅವಳಿಗೆ ಕೆಟ್ಟ ಮನಸ್ಸಿಲ್ಲ, ಗೊತ್ತಿಲ್ಲ ಅಷ್ಟೇ. ನೀವು ಹಾಗಂದರೆ ಹಾಗೇ ಮಿಸ್, ಎಂದು ಅವನು ಎರಡು ಸಲ ಹೇಳಿ ಸುಮ್ಮನಾಗುತ್ತಾನೆ. ಎದುರಾಡಿದರೆ ಕೆಲಸ ಹೋಗುವವನು ಎಷ್ಟು ಹೇಳಬಹುದೋ ಅಷ್ಟನ್ನು ಹೇಳಿದ್ದಾನೆ. ಉಳಿದದ್ದನ್ನು ಆ ಸುಮ್ಮನಾಗುವಿಕೆ ಹೇಳುತ್ತದೆ.

ರಾತ್ರಿ ಬೆಟ್ಸಿಗೆ ಯಾರೋ ಅಳುವುದು ಕೇಳಿಸುತ್ತದೆ. ದೆವ್ವವಲ್ಲ, ಮನೆಯ ಕೆಲಸದ ಆಲ್ಮಾ. ಅವಳ ಅಕ್ಕನ ಮನೆಯಲ್ಲಿ ಮಗು ಹುಟ್ಟಿದೆ, ಅದಕ್ಕೆ ಅಳು. ಗುಲಾಮಗಿರಿಯ ಕಾಲದಿಂದಲೂ ಇಲ್ಲಿ ಹುಟ್ಟಿದರೆ ಅಳುತ್ತಾರೆ, ಸತ್ತರೆ ಹಬ್ಬ ಮಾಡುತ್ತಾರೆ ಎಂದು ಮಾಲೀಕ ವಿವರಿಸುತ್ತಾನೆ. ಆಮೇಲೆ ಕೆಫೆಯ ದೃಶ್ಯ. ಟ್ರಿನಿಡಾಡ್‌ನ ಗಾಯಕ ಸರ್ ಲ್ಯಾನ್ಸೆಲಾಟ್ ಮಾಲೀಕರ ಮನೆತನದ ಹಗರಣವನ್ನು ಕ್ಯಾಲಿಪ್ಸೋ ಅನ್ನುವ ಆ ಕಡೆಯ ಜನಪದ ಧಾಟಿಯ ಹಾಡಾಗಿ ಹಾಡುತ್ತಾನೆ. ಆ ಮನೆಯ ಮಗ ಅಲ್ಲೇ ಕೂತಿದ್ದಾನೆಂದು ಗೊತ್ತಾದಾಗ ಬಂದು ಕ್ಷಮೆ ಕೇಳುತ್ತಾನೆ. ಸಂಜೆಯಾಗಿ ಮಗ ಕುಡಿದು ಮೇಜಿನ ಮೇಲೆ ಮಲಗಿದ ಮೇಲೆ ಅದೇ ಗಾಯಕ ಮತ್ತೆ ಬರುತ್ತಾನೆ. ಗಿಟಾರ್ ಮೀಟುತ್ತಾ, ಒಂದೊಂದೇ ಹೆಜ್ಜೆ ಇಡುತ್ತಾ, ಬೆಟ್ಸಿಯ ಕಣ್ಣಿಗೆ ಕಣ್ಣಿಟ್ಟು ಉಳಿದ ಚರಣ ಹಾಡುತ್ತಾನೆ. ಆಡಬಾರದ ಮಾತು ಹಾಡಾಗಿ ಹೊರಬಂದಿದೆ. ಹಾಡಿಗೆ ಯಾರೂ ತಡೆ ಹಾಕಲಾಗುವುದಿಲ್ಲ ಎಂದು ನಮ್ಮ ಲಾವಣಿಕಾರರಿಗೂ ಗೊತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಕಬ್ಬಿನ ಗದ್ದೆಯ ನಡಿಗೆ ಬರುತ್ತದೆ. ಬೆಟ್ಸಿ ಜೆಸ್ಸಿಕಾಳ ಕೈ ಹಿಡಿದು ರಾತ್ರಿ ವೂಡೂ ಅನ್ನುವ ಅಲ್ಲಿನ ಕಪ್ಪು ಜನರ ಧರ್ಮದ ಪೂಜೆಯ ಜಾಗಕ್ಕೆ ಕರೆದುಕೊಂಡು ಹೋಗುತ್ತಾಳೆ. ಮಾತಿಲ್ಲ. ಹಿನ್ನೆಲೆ ಸಂಗೀತವೂ ಇಲ್ಲ. 1943ರಲ್ಲಿ ಸಂಗೀತ ಹಾಕುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಸಂಗೀತಗಾರ ರಾಯ್ ವೆಬ್ ಅಲ್ಲೇ ಇದ್ದ. ಬೇಡವೆಂದೇ ಬಿಟ್ಟರು. ಕಬ್ಬಿನ ಎಲೆಗೆ ಬಟ್ಟೆ ಸವರುವ ಸದ್ದು, ಗಾಳಿ. ತೂತು ಕೊರೆದು ನೇತುಹಾಕಿದ ಒಣ ಸೋರೆ ಬುರುಡೆಯೊಂದು ಗಾಳಿಗೆ ಊಳಿಡುತ್ತದೆ. ಟಾರ್ಚಿನ ಬೆಳಕು ನೆಲದ ಮೇಲೆ ಹರಿದು ಥಟ್ಟನೆ ಎರಡು ಬರಿಗಾಲಿನ ಮೇಲೆ ನಿಲ್ಲುತ್ತದೆ. ಮೇಲಕ್ಕೆ ಹೋದರೆ ಕಾವಲು ನಿಂತ ಜೋಂಬಿ, ಕಣ್ಣು ಉಬ್ಬಿದ ಎತ್ತರದ ಮನುಷ್ಯ. ಡಾರ್ಬಿ ಜೋನ್ಸ್ ಎಂಬ ನಟ. ಅವನು ಏನೂ ಮಾಡುವುದಿಲ್ಲ, ಏನೂ ಅನ್ನುವುದಿಲ್ಲ. ಇವರು ಪಕ್ಕದಿಂದ ದಾಟಿ ಹೋಗುತ್ತಾರೆ. ಎಷ್ಟು ಸಲ ನೋಡಿದರೂ ನನಗೆ ಅಲ್ಲಿ ಉಸಿರು ಕಟ್ಟುತ್ತದೆ.

ಆ ನಡಿಗೆ ಮುಗಿಯುವುದು ಒಂದು ಬಾಗಿಲ ಮುಂದೆ. ಭಕ್ತರು ಬಾಗಿಲಿಗೆ ಬಾಯಿಟ್ಟು ಕಷ್ಟ ಹೇಳಿಕೊಳ್ಳುತ್ತಾರೆ, ಒಳಗಿಂದ ದೇವರ ದನಿ ಉತ್ತರ ಕೊಡುತ್ತದೆ. ಬೆಟ್ಸಿಯ ಸರದಿ ಬಂದಾಗ ಬಾಗಿಲು ತೆರೆಯುತ್ತದೆ. ಒಳಗಿರುವವಳು ತೋಟದ ಮಾಲೀಕರ ತಾಯಿ, ಬಿಳಿ ಹೆಂಗಸು. ಹೇಳಿದರೆ ಜನ ಔಷಧಿ ತೆಗೆದುಕೊಳ್ಳುವುದಿಲ್ಲ, ದೇವರ ಹೆಸರಲ್ಲಿ ಹೇಳಿದರೆ ಕೇಳುತ್ತಾರೆ ಎನ್ನುತ್ತಾಳೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಊರಿನವರ ದೇವರ ಬಾಯಿಯನ್ನೂ ಮಾಲೀಕರ ಮನೆಯವರೇ ಹಿಡಿದುಕೊಂಡಿದ್ದಾರೆ. ಲೆಜೆಂಡ್ರ ಗಿರಣಿಯಲ್ಲಿ ಮಾಡಿದ್ದಕ್ಕೂ ಇದಕ್ಕೂ ಎಷ್ಟು ದೂರ?

ಕೊನೆಗೆ ಇನ್ನೊಂದನ್ನು ಗಮನಿಸಿ. ಚಿತ್ರ ಶುರುವಾಗುವುದು ಬೆಟ್ಸಿಯ ದನಿಯಿಂದ, ಕಥೆ ಹೇಳುವವಳು ಅವಳು. ನಡುವೆಲ್ಲೋ ಆ ದನಿ ಕಳೆದುಹೋಗುತ್ತದೆ. ಕಡಲ ತೀರದ ಕೊನೆಯ ಭಾಗ ಬಹುಪಾಲು ಮಾತಿಲ್ಲದೆ ನಡೆಯುತ್ತದೆ. ಆಮೇಲೆ ಒಂದು ದನಿ ಕೇಳುತ್ತದೆ, ಸತ್ತವರಿಗಾಗಿ ಪ್ರಾರ್ಥಿಸುವ ಕಪ್ಪು ಮನುಷ್ಯನ ದನಿ. ಅವನ ಮುಖ ಕಾಣುವುದಿಲ್ಲ. ಮಾಲೀಕರ ಮನೆಯ ಮೇಲೆ ಕೊನೆಯ ತೀರ್ಪು ಹೇಳುವವನು ಅವನು. ಮೊದಲ ಮಾತು ನರ್ಸಿನದಾಗಿತ್ತು, ಕೊನೆಯ ಮಾತು ದ್ವೀಪದವರದಾಯಿತು.

ನೀವು ಹೇಳಿದ ಗುರುಗುಟ್ಟುವ, ತಿನ್ನುವ ಜೋಂಬಿಯ ಬೇರು 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನಲ್ಲಿದೆ. ಜಾರ್ಜ್ ರೊಮೆರೊನ ಆ ಚಿತ್ರದಲ್ಲಿ ಸತ್ತವರಿಗೆ ಯಜಮಾನನೇ ಇಲ್ಲ. ಮಾತು ಜೀವಂತ ಇರುವವರ ಪಾಲಿಗೆ ಬಂದಿದೆ. ರೇಡಿಯೋ, ಟಿವಿ ಎಡೆಬಿಡದೆ ಮಾತಾಡುತ್ತವೆ, ಮನೆಯೊಳಗಿನವರು ಜಗಳವಾಡುತ್ತಾರೆ, ಆಘಾತದಿಂದ ಮಾತು ಹೋದ ಹುಡುಗಿಯೊಬ್ಬಳು ಸೋಫಾದ ಮೇಲೆ ಕೂತಿರುತ್ತಾಳೆ. ಆ ಚಿತ್ರದ ಬಗ್ಗೆ ಬರೆಯಲು ಬೇಕಾದಷ್ಟಿದೆ, ಆದರೆ ಅದು ಬೇರೆಯೇ ಪ್ರಶ್ನೆ.

ನೋಡುವಾಗ ಎರಡು ಎಚ್ಚರಿಕೆ. ‘ವೈಟ್ ಜೋಂಬಿ’ಯ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಆನ್‌ಲೈನಿನಲ್ಲಿ ಬೇಕಾದಷ್ಟು ಪ್ರತಿಗಳಿವೆ. ಬಹಳಷ್ಟರಲ್ಲಿ ಸದ್ದು ಸವೆದುಹೋಗಿ ಉದ್ದಕ್ಕೂ ಗರಗರ ಅನ್ನುತ್ತಿರುತ್ತದೆ. ಗಿರಣಿಯ ಕಿರುಗುಟ್ಟುವಿಕೆ ಆ ಗರಗರದಲ್ಲಿ ಮುಳುಗಿಬಿಡುತ್ತದೆ. ಹುಡುಕಿ, ದುರಸ್ತಿ ಮಾಡಿದ ಪ್ರತಿಯನ್ನೇ ನೋಡಿ, ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಳ್ಳಿ. ಎರಡನೆಯದು, ಸಬ್‌ಟೈಟಲ್ ಓದುತ್ತಾ ಕೂತರೆ ಅಕ್ಷರ ಬಾರದಿದ್ದಾಗ ಏನೂ ನಡೆಯುತ್ತಿಲ್ಲ ಅನ್ನಿಸಿ ಕೈ ಮೊಬೈಲಿಗೆ ಹೋಗುತ್ತದೆ. ಈ ಎರಡೂ ಚಿತ್ರಗಳಲ್ಲಿ ಅಕ್ಷರ ಬಾರದ ಹೊತ್ತಿನಲ್ಲೇ ಮುಖ್ಯವಾದದ್ದೆಲ್ಲ ನಡೆಯುವುದು. ಮೊದಲ ಸಲ ಸಬ್‌ಟೈಟಲ್ ಇಟ್ಟು ಕಥೆ ತಿಳಿದುಕೊಳ್ಳಿ. ಎರಡನೇ ಸಲ ಅದನ್ನು ತೆಗೆದು ಗಿರಣಿಯ ದೃಶ್ಯ, ಮೇಜಿನ ದೃಶ್ಯ, ಕಬ್ಬಿನ ಗದ್ದೆಯ ನಡಿಗೆ, ಈ ಮೂರನ್ನು ಮಾತ್ರ ನೋಡಿದರೂ ಸಾಕು.